ದಿವಾನರ ಹೊಟ್ಟೆ ತೆಗೆದು ನೋಡಿ!

ಶಿವಮೊಗ್ಗ: ಮೈಸೂರು ಸಂಸ್ಥಾನ ಹೋಯಿತು, ಅದರ ಜೊತೆಗೇ ದಿವಾನಗಿರಿಯೂ ಹೋಯಿತು. ಪಕ್ಕದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕಾರಣರಾದ ವಿಶ್ವೇಶ್ವರಯ್ಯನವರಂಥ ದಿವಾನರು ಈಗ ಫೋಟೋದಲ್ಲಿದ್ದಾರೆ. ಆದರೆ ಇನ್ನೊಂದು ಬಗೆಯ ದಿವಾನರು ಊರಿನ ಮನೆ ಮನೆಯ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತುಬಿಟ್ಟಿದ್ದಾರೆ. ಹಗಲು ನೆಂಟರಿಗೆ ಆಸನ, ರಾತ್ರಿ ಅಜ್ಜಿಗೆ ಮಂಚ, ಒಳಗಡೆ ಮನೆಯವರ ಉಗ್ರಾಣ. ಹೀಗೆ ಮೂರು ಕೆಲಸಕ್ಕೆ ಒಬ್ಬನೇ ಆಳು.

ದೊರೆಯ ಆಸ್ಥಾನದಲ್ಲಿ ಗೋಡೆಗುಂಟ ಹಾಕುತ್ತಿದ್ದ ಉದ್ದನೆಯ ಮೆತ್ತೆಯ ಆಸನಕ್ಕೂ ದಿವಾನ್ ಎಂದೇ ಹೆಸರು. ಪಾರಸಿಯಿಂದ ಬಂದ ಮಾತು ಅದು. ಆ ಹೆಸರೇ ಈ ಮಂಚಕ್ಕೂ ಅಂಟಿಕೊಂಡಿದೆ. ಹೆಸರೇನೋ ದೊಡ್ಡದು. ಹೊಟ್ಟೆಯೊಳಗೆ ಹುರುಳು ಎಷ್ಟಿದೆ ಎಂಬುದೇ ಈಗಿನ ಪ್ರಶ್ನೆ.

ಈ ಪ್ರಶ್ನೆಗೆ ದುಬಾರಿ ಉತ್ತರ ಕಂಡುಕೊಂಡವರು ಇದೇ ಊರಿನ ಒಬ್ಬ ಆಟೋ ಚಾಲಕರು.

ಯುಗಾದಿಗೆ ಬಂತು, ಪಂಚಮಿಗೆ ಹೋಯ್ತು

ಅವರ ತಾಯಿಗೆ ಎಪ್ಪತ್ತರ ಮೇಲೆ ವಯಸ್ಸು. ಹುಟ್ಟಿದಾಗಿನಿಂದ ಚಾಪೆಯ ಮೇಲೆ ಮಲಗಿ ಎದ್ದ ಜೀವ. ಮಂಡಿ ನೋವು ಬಂದು ಡಾಕ್ಟರ ಹತ್ತಿರ ಹೋದಾಗ, "ಇನ್ನು ಮೇಲೆ ನೆಲದ ಮೇಲೆ ಕೂರೋದು, ಮಲಗೋದು ಬಿಡಿ ಅಜ್ಜಿ" ಎಂದರು. ಮಗ 2024ರ ಯುಗಾದಿಗೆ ಸರಿಯಾಗಿ ದಿವಾನ ತಂದ. 14 ಸಾವಿರ ರೂಪಾಯಿ, ಹನ್ನೆರಡು ಕಂತು. ತೇಗದ ಬಣ್ಣ, ಕನ್ನಡಿಯಂಥ ಹೊಳಪು, ಮುಚ್ಚಳ ಎತ್ತಿದರೆ ಒಳಗೆ ಎರಡು ಖಾನೆ. ಬೀದಿಯ ಹೆಂಗಸರೆಲ್ಲ ಬಂದು ಕೈಯಾಡಿಸಿ ನೋಡಿ ಹೋದರು.

ಅಜ್ಜಿಗೆ ಮೇಲಿನ ಹೊಳಪಿಗಿಂತ ಒಳಗಿನ ಖಾನೆ ಹಿಡಿಸಿತು. ತನ್ನ ಧಾರೆ ಸೀರೆ, ಯಜಮಾನರು ಹೊದೆಯುತ್ತಿದ್ದ ಕಂಬಳಿ, ಊರಲ್ಲಿರುವ ಇಪ್ಪತ್ತು ಗುಂಟೆ ಜಮೀನಿನ ಕಾಗದ, ಮೊಮ್ಮಕ್ಕಳ ಸ್ಕೂಲು ಸರ್ಟಿಫಿಕೇಟು, ಎಲ್ಲ ಒಳಗೆ ಹೋಯಿತು. ತಗಡಿನ ಟ್ರಂಕು ಅಟ್ಟ ಸೇರಿತು.

ಆಷಾಢದ ಮಳೆ ಹಿಡಿಯಿತು. ಗೋಡೆ ಬೆವರಿತು. ದಿವಾನದ ಗೋಡೆ ಕಡೆಯ ಹಲಗೆ ನೀರು ಕುಡಿದ ರಸ್ಕಿನ ಹಾಗೆ ಉಬ್ಬಿತು. ಮುಚ್ಚಳ ನಡುವೆ ಬಾಗಿತು. "ಹೊಸದರಲ್ಲಿ ಹಂಗೇ ಇರುತ್ತೆ, ಸೆಟ್ ಆಗುತ್ತೆ" ಎಂದರು ಅಂಗಡಿಯವರು ಫೋನಿನಲ್ಲಿ.

ಸೆಟ್ ಆಯಿತು. ನಾಗರಪಂಚಮಿಗೆ ಮಗಳು ಅಳಿಯ ಬಂದಿದ್ದರು. ಅವರ ನಡುವೆ ಅಜ್ಜಿ ಕೂತದ್ದೇ ತಡ, ಡಬ್ ಎಂದು ನಡುವಿನ ಹಲಗೆ ಕುಸಿಯಿತು. ಅಜ್ಜಿಯ ಕಾಲು ಖಾನೆಯೊಳಗೆ, ಮೈ ಹೊರಗೆ. ದೇವರು ದೊಡ್ಡವನು, ಎಲುಬು ಮುರಿಯಲಿಲ್ಲ. ಮೊಣಕಾಲಿನ ಕೆಳಗೆ ಏಳು ಹೊಲಿಗೆ ಬಿತ್ತು. ಗಾಯ ಮಾಯುವ ತನಕ ಅಜ್ಜಿ ಮಲಗಿದ್ದು ಎಲ್ಲಿ? ಡಾಕ್ಟರು ಬೇಡ ಎಂದಿದ್ದ ಅದೇ ನೆಲದ ಚಾಪೆಯ ಮೇಲೆ.

ಒಳಗಿನದನ್ನು ಹೊರಗೆ ತೆಗೆದರೆ ಕಂಬಳಿಗೆ ಬೂಷ್ಟು. ಜಮೀನಿನ ಕಾಗದ ಒಂದಕ್ಕೊಂದು ಅಂಟಿ ಮುದ್ದೆ. ಧಾರೆ ಸೀರೆಯ ಮಡಿಕೆ ಮಡಿಕೆಗೂ ಕಪ್ಪು ಚುಕ್ಕೆ. ಕಾಗದಕ್ಕೆ ತಾಲ್ಲೂಕು ಕಚೇರಿಗೆ ಅಲೆದು ನಕಲು ತರಬಹುದು. ಸೀರೆಗೆ ಯಾವ ಕಚೇರಿ ನಕಲು ಕೊಡುತ್ತದೆ?

ಅಂಗಡಿಯವರ ಉತ್ತರ ಚುಟುಕು: "ನೀರು ತಾಗಿದ್ದಕ್ಕೆ ಗ್ಯಾರಂಟಿ ಇಲ್ಲ." ಮಳೆಗಾಲವೇ ಬರದ ಊರಿಗೆ ಮಾಡಿದ ದಿವಾನ ಇರಬೇಕು! ಆಗ ಕಟ್ಟಲು ಬಾಕಿ ಇದ್ದ ಕಂತು ಏಳು.

ಪೋಸ್ಟ್ ಮಾರ್ಟಂ

ಪರಿಚಯದ ಒಬ್ಬ ಹಳೆಯ ಆಚಾರ್ರನ್ನು ಕರೆಸಿ ತೋರಿಸಿದರು. ನಲವತ್ತು ವರ್ಷ ಉಳಿ ಹಿಡಿದ ಕೈ. ಮುರಿದ ತುಂಡನ್ನು ಬೆರಳಲ್ಲಿ ತಿಕ್ಕಿದರು. ಅದು ಉಪ್ಪಿಟ್ಟಿನ ರವೆಯಂತೆ ಉದುರಿತು.

"ಇದು ಮರ ಅಲ್ಲ ತಮ್ಮಾ. ಮರದ ಚೂರು, ಹೊಟ್ಟು ಎಲ್ಲ ಅಂಟಲ್ಲಿ ಕಲಸಿ ಒತ್ತಿರೋದು. ಪಾರ್ಟಿಕಲ್ ಬೋರ್ಡು. ಮೇಲೆ ಮರದ ಚಿತ್ರ ಇರೋ ಕಾಗದ ಅಂಟಿಸಿದಾರೆ."

"ಅಂಗಡಿಯವ್ರು ಇಂಜಿನಿಯರ್ಡ್ ವುಡ್ ಅಂದ್ರಲ್ಲ ಆಚಾರ್ರೇ?"

"ಇಂಜಿನಿಯರು ಓದಿದಾನೆ. ಹಲಗೆ ಓದಿಲ್ಲ."

ಪಾರ್ಟಿಕಲ್ ಬೋರ್ಡು ಎಲ್ಲ ಕಡೆಗೂ ಕೆಟ್ಟದ್ದೆಂದು ಅವರೂ ಹೇಳುವುದಿಲ್ಲ. ಗೋಡೆಯ ಮೇಲಿನ ಶೋಕೇಸಿಗೆ, ಒಣ ಜಾಗದ ಪುಸ್ತಕದ ಕಪಾಟಿಗೆ ನಡೆದೀತು. ಆದರೆ ಮೂವರ ಭಾರ ಹೊರುವ ಮುಚ್ಚಳಕ್ಕೆ, ಮಲೆನಾಡಿನ ಗೋಡೆಗೆ ತಾಗುವ ಜಾಗಕ್ಕೆ ಅದು ಹೇಳಿದ ಮಾಲಲ್ಲ. ಅಂಚಿನಿಂದ ನೀರು ಹೀರಿ ಉಬ್ಬುತ್ತದೆ. ಒಮ್ಮೆ ಉಬ್ಬಿದ್ದು ಒಣಗಿದರೂ ಮೊದಲಿನ ಹಾಗೆ ಆಗುವುದಿಲ್ಲ. ಅದರಲ್ಲಿ ಸ್ಕ್ರೂ ಹಿಡಿತ ಕಡಿಮೆ. ಮನೆ ಬದಲಾಯಿಸುವಾಗ ಒಮ್ಮೆ ಬಿಚ್ಚಿ ಮತ್ತೆ ಜೋಡಿಸಿದರೆ ಆ ಹಿಡಿತವೂ ಹೋಯಿತು.

ಆಚಾರ್ರು ಇನ್ನೂ ಮೂರು ತಪ್ಪು ತೋರಿಸಿದರು. ಆರಡಿ ಉದ್ದದ ಮುಚ್ಚಳಕ್ಕೆ ಕೆಳಗೆ ಆಸರೆಗೆಂದು ಇದ್ದದ್ದು ನಡುವಿನ ಒಂದೇ ಪಟ್ಟಿ. ಅದೂ ಅದೇ ಬೋರ್ಡಿಗೆ ಎರಡು ಸ್ಕ್ರೂನಲ್ಲಿ ನೇತುಬಿದ್ದಿತ್ತು. ದಿವಾನಕ್ಕೆ ಕಾಲೇ ಇಲ್ಲ, ಪೆಟ್ಟಿಗೆಯ ತಳ ನೇರ ನೆಲಕ್ಕೆ. ಮೂರನೆಯದು, ಇಡೀ ಪೆಟ್ಟಿಗೆಗೆ ಗಾಳಿಯಾಡಲು ಒಂದೇ ಒಂದು ತೂತಿರಲಿಲ್ಲ. "ಹೆಣಕ್ಕೂ ಹಿಂಗೆ ಪೆಟ್ಟಿಗೆ ಮಾಡಲ್ಲ" ಎಂದರು.

ಈ ಮೂರರಲ್ಲಿ ಒಂದನ್ನೂ ಮಗ ಅಂಗಡಿಯಲ್ಲಿ ನೋಡಿರಲಿಲ್ಲ. ನೋಡಿದ್ದು ಬಣ್ಣ, ಹೊಳಪು, ಕಂತಿನ ಲೆಕ್ಕ. ಬಹುಪಾಲು ಗಿರಾಕಿಗಳ ಹಣೆಬರಹವೂ ಇದೇ. ದಿವಾನದ ಗಟ್ಟಿತನ ಇರುವುದು ಹಾಸಿಗೆಯ ಕೆಳಗೆ. ಗಿರಾಕಿ ನೋಡುವುದು ಹಾಸಿಗೆಯ ಮೇಲೆ.

ಅಂಗಡಿಯಲ್ಲಿ ನಾಚಿಕೆ ಬೇಡ

ಅಂಗಡಿಗೆ ಹೋದವರು ಮೊದಲು ಮಾಡಬೇಕಾದ್ದು, ಮೇಲಿನ ಹಾಸಿಗೆ ತೆಗೆಸಿ ಮುಚ್ಚಳ ಎತ್ತಿಸುವುದು. "ಎತ್ತೋ ಹಂಗಿಲ್ಲ, ಡಿಸ್‌ಪ್ಲೇ ಪೀಸು" ಎಂದರೆ ನಮಸ್ಕಾರ ಹೇಳಿ ಪಕ್ಕದ ಅಂಗಡಿಗೆ ಹೋಗಬೇಕು.

ಮುಚ್ಚಳದ ಕೆಳಗೆ ಅಡ್ಡಪಟ್ಟಿಗಳನ್ನು ಎಣಿಸಬೇಕು. ಅಡಿಗೊಂದು, ಹೆಚ್ಚೆಂದರೆ ಒಂದೂವರೆ ಅಡಿಗೊಂದು ಗಟ್ಟಿ ಮರದ ಪಟ್ಟಿ ಇರಬೇಕು. ಅಗಲ ನಾಲ್ಕಡಿ ದಾಟಿದರೆ ಉದ್ದಕ್ಕೂ ನಡುವೆ ಒಂದು ತೊಲೆ, ಆ ತೊಲೆಗೆ ನೆಲ ಮುಟ್ಟುವ ಕಾಲು ಬೇಕು. ಅಡ್ಡಪಟ್ಟಿಯ ತುದಿ ಚೌಕಟ್ಟಿನ ಮೇಲೆ ಕೂತಿರಬೇಕು. ಬರೀ ಮೊಳೆ ಸ್ಕ್ರೂಗೆ ಜೋತುಬಿದ್ದಿದ್ದರೆ ಭಾರವೆಲ್ಲ ಮೊಳೆಯ ಕುತ್ತಿಗೆಗೆ.

ಆಮೇಲೆ ಒಂದು ಮೂಲೆ ಹಿಡಿದು ನಾಲ್ಕು ಬೆರಳು ಎತ್ತಿ ಬಿಡಬೇಕು. ಇಡೀ ಚೌಕಟ್ಟು ಒಂದಾಗಿ ಎದ್ದರೆ ಸರಿ. ಒಂದು ಮೂಲೆ ಮಾತ್ರ ತಿರುಚಿ ಎದ್ದು ಕೀಂಯ್ ಎಂದರೆ ಸಂದು ಸಡಿಲ. ನಡುಮಧ್ಯ ಕೂರಬೇಕು, ಅಂಚಿನಲ್ಲಿ ಕೂರಬೇಕು, ಮಲಗಿ ಮಗ್ಗುಲು ಬದಲಿಸಬೇಕು. ಸೇಲ್ಸ್ ಹುಡುಗರು ನಕ್ಕರೆ ನಗಲಿ. ದುಡ್ಡು ಅವರದಲ್ಲ.

ಪ್ಲೈವುಡ್ಡಿನದಾದರೆ ಹಲಗೆಯ ಮೇಲಿನ ಮುದ್ರೆ ಓದಬೇಕು. ಐಎಸ್ 303 ಎಂದರೆ ಸಾಧಾರಣ ಬಳಕೆಯ ಪ್ಲೈವುಡ್ಡು. ಅದರಲ್ಲಿ ಎರಡು ದರ್ಜೆ. ಎಂಆರ್ ಎಂದಿದ್ದರೆ ತೇವ ಒಂದಿಷ್ಟು ತಡೆದೀತು, ನೀರು ತಡೆಯದು. ಬಿಡಬ್ಲ್ಯೂಆರ್ ಎಂದಿದ್ದರೆ ಅದರ ಅಂಟು ಕುದಿಯುವ ನೀರಿನ ಪರೀಕ್ಷೆ ಎದುರಿಸಿದ್ದು. ಐಎಸ್ 710 ಅದಕ್ಕೂ ಮೇಲಿನದು, ಮೆರೈನ್ ಎನ್ನುತ್ತಾರೆ. ನಡುಮನೆಯ ದಿವಾನಕ್ಕೆ ಮೆರೈನ್ ಬೇಕೇ ಬೇಕೆಂದಿಲ್ಲ. ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಆಗುಂಬೆ ಇರುವ ಈ ಜಿಲ್ಲೆಯಲ್ಲಿ ಬಿಡಬ್ಲ್ಯೂಆರ್‌ಗಿಂತ ಕೆಳಗೆ ಇಳಿಯಬಾರದು ಎಂಬುದು ಆಚಾರ್ರ ಮಾತು. ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರು ಇರಬೇಕು. ಅದು ಅಸಲಿಯೋ ನಕಲಿಯೋ ಎಂದು ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಕೂತಲ್ಲೇ ನೋಡಬಹುದು.

ಮುಚ್ಚಳಕ್ಕೆ 18 ಅಥವಾ 19 ಮಿಲಿಮೀಟರ್ ದಪ್ಪ ಬೇಕು. ತಳಕ್ಕೆ 6 ಮಿಲಿಮೀಟರ್ ಹಾಕಿ ಕೈತೊಳೆದುಕೊಳ್ಳುವವರು ಬಹಳ. ಪುಸ್ತಕ, ಪಾತ್ರೆ ತುಂಬುವವರು 9 ಇಲ್ಲವೇ 12 ಕೇಳಬೇಕು. ಕತ್ತರಿಸಿದ ಅಂಚುಗಳು ಬೆತ್ತಲೆ ಇರಬಾರದು. ತೇವವೂ ಹುಳುವೂ ಒಳಗೆ ನುಗ್ಗುವುದು ಅಲ್ಲಿಂದಲೇ.

ಮರವೇ ಬೇಕೆಂಬುವರಿಗೆ

ತೇಗ ಎಲ್ಲರಿಗೂ ಗೊತ್ತು. ಅದರ ರೇಟು ಇನ್ನೂ ಚೆನ್ನಾಗಿ ಗೊತ್ತು. ಹೊನ್ನೆ, ಮತ್ತಿ, ಹಲಸು ಸಿಕ್ಕರೆ ಗಟ್ಟಿಯೇ. ಕೈಗೆಟಕುವುದು ಅಕೇಶಿಯಾ. ಭದ್ರಾವತಿಯ ಕಾಗದದ ಕಾರ್ಖಾನೆಗೆಂದು ಈ ಭಾಗದ ಗುಡ್ಡ ಗುಡ್ಡಗಳಲ್ಲಿ ನೆಟ್ಟ ಮರ ಅದು. ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು, ಮರ ಉಳಿಯಿತು. ಗಟ್ಟಿ ಮರ, ಬಣ್ಣವೂ ಚೆಂದ. ಆದರೆ ಹಸಿ ಇದ್ದಾಗ ಕೊಯ್ದು ಮಾಡಿದರೆ ಸೊಟ್ಟಗಾಗುತ್ತದೆ, ಸೀಳುತ್ತದೆ.

ಜಾತಿಗಿಂತ ಮುಖ್ಯ ಒಣಗಿದೆಯೇ ಎಂಬುದು. ಒಳಾಂಗಣದ ಸಾಮಾನಿನ ಮರದಲ್ಲಿ ತೇವ ಶೇಕಡಾ 12ರ ಆಸುಪಾಸಿಗೆ ಇಳಿದಿರಬೇಕು. ತೇವ ಅಳೆಯುವ ಕೈಯಳತೆಯ ಮೀಟರು ಈಗ ಕೆಲವು ಮರದ ಅಂಗಡಿಗಳಲ್ಲಿದೆ. ಕೇಳಿದರೆ ಒತ್ತಿ ತೋರಿಸುತ್ತಾರೆ.

ಎರಡನೆಯದು ಚೇಗು. ಮರದ ಒಳಗಿನ ಗಾಢ ಬಣ್ಣದ ಭಾಗ ಚೇಗು, ಹೊರಗಿನ ಬಿಳಿಚಿದ ಭಾಗ ಎಳೆಮರ. ಕುಟ್ಟೆ ಹುಳು ಹುಡುಕಿಕೊಂಡು ಬರುವುದು ಈ ಎಳೆಮರದಲ್ಲಿರುವ ಗಂಜಿಗೆ. ದಿವಾನದ ಕೆಳಗೆ ದಿನಾ ಬೆಳಗ್ಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಅತಿಥಿ ಬಂದಿದ್ದಾನೆಂದು ತಿಳಿಯಬೇಕು. ಎಳೆಮರವನ್ನು ಪಾಲಿಷಿನಲ್ಲಿ ಬಳಿದು ಚೇಗಿನ ಬಣ್ಣ ಬರಿಸುವ ಕಲೆ ಬಲ್ಲವರಿದ್ದಾರೆ. ಅದಕ್ಕೇ ಪಾಲಿಷ್ ಹಾಕುವ ಮುಂಚೆ ಒಮ್ಮೆ ಹೋಗಿ ನೋಡಬೇಕು. ರಬ್ಬರ್ ಮರದ್ದು ಕೊಳ್ಳುವವರು ಔಷಧಿ ಹಾಕಿ ಹದ ಮಾಡಿದ್ದೇ ಎಂದು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು.

ತಗಡಿನ ದಿವಾನ ಮಾಡಿಕೊಡುವ ವೆಲ್ಡಿಂಗ್ ಶಾಪುಗಳೂ ಇವೆ. ಗೆದ್ದಲಿನ ಭಯ ಇಲ್ಲ. ಅಲ್ಲಿ ಗೇಜಿನ ಲೆಕ್ಕ ತಿಳಿದಿರಬೇಕು. ನಂಬರು ದೊಡ್ಡದಾದಷ್ಟೂ ತಗಡು ತೆಳ್ಳಗೆ. 22 ಗೇಜು ಎಂದು ಜಂಬದಿಂದ ಹೇಳಿದರೆ ಅದು 18ಕ್ಕಿಂತ ತೆಳು ಎಂದರ್ಥ. ಬೆಸುಗೆಯ ಜಾಗಕ್ಕೆ ಬಣ್ಣ ಸರಿಯಾಗಿ ಕೂರದಿದ್ದರೆ ಎರಡನೇ ಮಳೆಗಾಲಕ್ಕೆ ತುಕ್ಕು, ಸೀರೆಗೆ ಕಲೆ.

ಮುಚ್ಚಳವೋ, ಬೋನೋ?

ಒಳಗಿನ ಖಾನೆಗೆ ಕೈ ಹಾಕುವ ದಾರಿ ಮೂರು. ಮೇಲಿನ ಹಲಗೆ ಎತ್ತುವುದು ಒಂದು. ಪಕ್ಕದಿಂದ ಎಳೆಯುವ ಡ್ರಾಯರು ಇನ್ನೊಂದು. ಗ್ಯಾಸ್ ತುಂಬಿದ ಕೊಳವೆ ತಳ್ಳಿ ಮುಚ್ಚಳ ಎತ್ತುವ, ಜನ ಹೈಡ್ರಾಲಿಕ್ ಎನ್ನುವ ಬಗೆ ಮೂರನೆಯದು.

ಒಬ್ಬರೇ ಇರುವ ವಯಸ್ಸಾದವರಿಗೆ ಡ್ರಾಯರೇ ಮೇಲು. ಹಾಸಿಗೆ ಎತ್ತುವ ರಗಳೆ ಇಲ್ಲ. ಆದರೆ ಡ್ರಾಯರು ಪೂರ್ತಿ ಹೊರಬರಲು ಮುಂದೆ ಎರಡು ಎರಡೂವರೆ ಅಡಿ ಜಾಗ ಬೇಕು. ಟೀಪಾಯಿಗೆ ಡಿಕ್ಕಿ ಹೊಡೆಯುವ ಡ್ರಾಯರು ಇದ್ದೂ ಇಲ್ಲದ ಹಾಗೆ. ಎತ್ತುವ ಹಲಗೆಯಾದರೆ ಒಂದೇ ಉದ್ದನೆಯ ಹಲಗೆಗಿಂತ ಎರಡು ಮೂರು ತುಂಡಿನದು ವಾಸಿ.

ಹೈಡ್ರಾಲಿಕ್ ನೋಡಲು ಸೊಗಸು, ಬೆರಳಲ್ಲಿ ಎತ್ತಿದರೆ ಎದ್ದು ನಿಲ್ಲುತ್ತದೆ. ಅಂಗಡಿಯಲ್ಲಿ ಹಾಸಿಗೆ ಇಲ್ಲದೆ ತೋರಿಸುತ್ತಾರೆ, ಮನೆಯಲ್ಲಿ ಹತ್ತಿ ಹಾಸಿಗೆಯ ಭಾರ ಬೀಳುತ್ತದೆ. ಕೊಳವೆಯ ಶಕ್ತಿ ಆ ಭಾರಕ್ಕೆ ಹೊಂದಬೇಕು. ವರ್ಷ ಕಳೆದಂತೆ ಗ್ಯಾಸು ಇಳಿದು ಮುಚ್ಚಳ ತಾನೇ ಕೆಳಗೆ ಬರಲು ಶುರುವಾದರೆ ಅವತ್ತೇ ಬದಲಿಸಬೇಕು. ಮಕ್ಕಳಿಗೆ ಮುಚ್ಚಳದ ಪೆಟ್ಟಿಗೆ ಎಂದರೆ ಕಣ್ಣಾಮುಚ್ಚಾಲೆಯ ಜಾಗ. ತಲೆಯ ಮೇಲೆ ಹಲಗೆ ಬಿದ್ದರೆ, ಒಳಗೆ ಕೂತ ಮಗುವಿನ ಮೇಲೆ ಮುಚ್ಚಿಕೊಂಡರೆ ಆಟ ಅಲ್ಲಿಗೆ ಮುಗಿಯಿತು. ಮಕ್ಕಳಿರುವ ಮನೆಯವರು ಡ್ರಾಯರಿಗೆ ಹೋಗಲಿ, ಇಲ್ಲವೇ ಮುಚ್ಚಳಕ್ಕೆ ಚಿಲಕ, ಎತ್ತಿದಾಗ ಊರುವ ಆಸರೆ ಹಾಕಿಸಲಿ. ಹಾಳಾದ ಕೊಳವೆಯನ್ನು ಕೊರೆಯುವುದು, ಬೆಂಕಿಗೆ ಹಾಕುವುದು ಬೇಡವೇ ಬೇಡ. ಒಳಗಿರುವುದು ಒತ್ತಿ ತುಂಬಿದ ನೈಟ್ರೋಜನ್, ಸಿಡಿಯುತ್ತದೆ.

ಗಾಳಿ, ಎತ್ತರ, ಅಳತೆ

ಎಂಥ ಮರವಾದರೂ ಉಸಿರು ಕಟ್ಟಿಸಿದರೆ ಬೂಷ್ಟು ಬರುತ್ತದೆ. ಪೆಟ್ಟಿಗೆಯ ಹಿಂಭಾಗಕ್ಕೂ ತಳಕ್ಕೂ ಹೆಬ್ಬೆರಳ ಗಾತ್ರದ ತೂತುಗಳು ಬೇಕು. ಜಿರಲೆ ಇಲಿ ನುಗ್ಗದಂತೆ ಒಳಗಡೆಯಿಂದ ಜಾಲರಿ ಬಡಿಸಬೇಕು. ನೆಲಕ್ಕೂ ತಳಕ್ಕೂ ನಾಲ್ಕು ಇಂಚು ಸಂದಿದ್ದರೆ ಪೊರಕೆಯೂ ಆಡುತ್ತದೆ, ಗೆದ್ದಲು ಮಣ್ಣಿನ ದಾರಿ ಕಟ್ಟಿದರೆ ಕಣ್ಣಿಗೂ ಬೀಳುತ್ತದೆ. ಗೋಡೆಗೂ ದಿವಾನಕ್ಕೂ ಎರಡು ಬೆರಳು ಅಂತರ ಇರಲಿ. ಬಿಸಿಲು ಬಿದ್ದ ದಿನ ಮುಚ್ಚಳ ತೆರೆದಿಡಬೇಕು. ಹಳಬರು ಲಕ್ಕಿ ಸೊಪ್ಪು, ಬೇವಿನ ಸೊಪ್ಪು ಹಾಕುತ್ತಿದ್ದರು, ಈಗಿನವರು ನುಸಿಗುಳಿಗೆ. ಯಾವುದಾದರೂ ಗಾಳಿಗೆ ಸಮ ಅಲ್ಲ.

ಎತ್ತರವನ್ನು ಮಲಗುವವರ ಮಂಡಿಯಿಂದ ಅಳೆಯಬೇಕು. ಹಾಸಿಗೆಯೂ ಸೇರಿ 18ರಿಂದ 20 ಇಂಚಿದ್ದರೆ ಬಹಳ ಮಂದಿಗೆ ಸರಿ. ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು. ಖಾನೆ ದೊಡ್ಡದಿರಲೆಂದು ಎತ್ತರ ಮಾಡಿಸಿ, ಆರು ಇಂಚಿನ ಹಾಸಿಗೆ ಹಾಕಿ, ಅಜ್ಜಿ ಕಾಲು ಜೋತುಬಿಟ್ಟು ಕೂರುವ ಮನೆಗಳಿವೆ. ರಾತ್ರಿ ಇಳಿಯುವಾಗ ಜಾರಿದರೆ ಸೊಂಟ.

ಹಾಸಿಗೆ ಉದ್ದ 72, 75, 78 ಇಂಚು ಎಂದು ಮೂರು ಅಳತೆಯಲ್ಲಿ ಬರುತ್ತದೆ. ದಿವಾನದ ಅಗಲ 30 ಅಥವಾ 36 ಸಾಮಾನ್ಯ. ಅಂಚುಪಟ್ಟಿ ಇರುವ ದಿವಾನವಾದರೆ ಒಳ ಅಳತೆ ಹಿಡಿಯಬೇಕು. ಹೊರ ಅಳತೆ ಹೇಳಿ ಹಾಸಿಗೆ ತಂದು, ಬಾಳೆಕಾಯಿಯ ಹಾಗೆ ಬಗ್ಗಿಸಿ ತುರುಕುವವರ ಪಾಡು ಹೇಳತೀರದು. ಮನೆ ಬಾಗಿಲು, ಮಹಡಿ ಮೆಟ್ಟಿಲು ಅಳೆಯುವುದನ್ನೂ ಮರೆಯಬಾರದು. ಬಾಡಿಗೆ ಮನೆಯವರು ಬೋಲ್ಟು ನಟ್ಟಿನಲ್ಲಿ ಬಿಚ್ಚುವಂಥದ್ದನ್ನೇ ತೆಗೆದುಕೊಳ್ಳಲಿ.

ಆಚಾರಿಯೂ ದೇವರಲ್ಲ

ಹಾಗೆಂದು ರೆಡಿಮೇಡ್ ಎಲ್ಲ ಮೋಸ, ಆಚಾರಿ ಕೆಲಸ ಎಲ್ಲ ಅಪ್ಪಟ ಎಂದೇನಿಲ್ಲ. ಮುಂಗಡ ತೆಗೆದುಕೊಂಡು "ನಾಳೆ ಬನ್ನಿ" ಎನ್ನುವ ನಾಳೆಗಳು ಈ ಊರಲ್ಲಿ ಲೆಕ್ಕವಿಲ್ಲದಷ್ಟಿವೆ. ಗಿರಾಕಿ ಆತುರ ಮಾಡಿದನೆಂದು ಹಸಿ ಮರವನ್ನೇ ಕೀಸಿ ಕೊಡುವವರಿದ್ದಾರೆ. ಒಂದು ಪ್ಲೈವುಡ್ ತೋರಿಸಿ ಇನ್ನೊಂದು ಹಾಕುವವರೂ ಇಲ್ಲದಿಲ್ಲ. ಮಾಡಿಸುವವರು ಹಲಗೆಯ ಹೆಸರು, ದಪ್ಪ, ಅಡ್ಡಪಟ್ಟಿಯ ಲೆಕ್ಕ, ಕೊಡುವ ತಾರೀಕು, ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಬೇಕು. ದುಡ್ಡನ್ನು ಕೆಲಸ ಮುಂದುವರಿದಂತೆ ಮೂರು ಪಾಲಾಗಿ ಕೊಡಬೇಕು.

ಅಂಗಡಿಯಾದರೆ ಪಕ್ಕಾ ಬಿಲ್ಲು. "ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ಕೊಡ್ತೀವಿ" ಎಂಬ ಆಸೆಗೆ ಬಿದ್ದವರು ಆಮೇಲೆ ಬಾಯಿ ಬಿಡುವ ಹಾಗಿಲ್ಲ. ಬಿಲ್ಲಿನಲ್ಲಿ ಬರೀ "ದಿವಾನ್ 1" ಎಂದಿದ್ದರೆ ಸಾಲದು. ಯಾವ ಹಲಗೆ, ಎಷ್ಟು ದಪ್ಪ, ಗ್ಯಾರಂಟಿ ಯಾವುದಕ್ಕೆ ಎಂದು ಬರೆಸಬೇಕು. ಮಾತು ಮುರಿದರೆ 1915 ನಂಬರಿಗೆ ಫೋನು ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಕಾಯಿದೆಯಂತೆ ಎರಡು ವರ್ಷದೊಳಗೆ ದೂರು ಕೊಡಬೇಕು. 5 ಲಕ್ಷ ರೂಪಾಯಿವರೆಗೆ ಕೊಟ್ಟು ಕೊಂಡ ಮಾಲಿನ ದೂರಿಗೆ ಶುಲ್ಕವಿಲ್ಲ. ವಕೀಲರಿಲ್ಲದೆ ತಾವೇ ಹೋಗಿ ಹೇಳಿಕೊಳ್ಳಲೂ ಅಡ್ಡಿಯಿಲ್ಲ.

ಆಟೋ ಚಾಲಕರ ಬಿಲ್ಲಿನಲ್ಲಿ ಇದ್ದದ್ದು "ದಿವಾನ್ 1".

ಎರಡನೇ ದಿವಾನ

ಕೊನೆಗೆ ದೀಪಾವಳಿ ಹೊತ್ತಿಗೆ ಆಚಾರ್ರೇ ಒಂದು ಮಾಡಿಕೊಟ್ಟರು. ಒಣಗಿದ ಅಕೇಶಿಯಾದ ಚೌಕಟ್ಟು, ಐದು ಅಡ್ಡಪಟ್ಟಿ, ಬಿಡಬ್ಲ್ಯೂಆರ್ ಪ್ಲೈವುಡ್ಡಿನ ಎರಡು ತುಂಡು ಮುಚ್ಚಳ, ನಾಲ್ಕಿಂಚಿನ ಕಾಲು, ಹಿಂದೆ ಹನ್ನೆರಡು ತೂತು. ಹೊಳಪು ಅಷ್ಟಕ್ಕಷ್ಟೆ. ಈ ಸಲ ಬೀದಿಯವರು ಯಾರೂ ನೋಡಲು ಬರಲಿಲ್ಲ.

ಅಜ್ಜಿ ಮಾತ್ರ ನೋಡಿದರು. ಮುಚ್ಚಳ ಎತ್ತಿಸಿ, ಒಳಗೆ ಕೈ ಹಾಕಿ, ತೂತಿನ ಹತ್ತಿರ ಅಂಗೈ ಹಿಡಿದರು. "ಗಾಳಿ ಬರ್ತಿದೆ ಕಣೋ" ಎಂದರು ಮಗನಿಗೆ. ಬಿಸಿಲಿಗೆ ಒಣಹಾಕಿ ಬ್ರಷ್ಷಿನಲ್ಲಿ ಉಜ್ಜಿದ ಕಂಬಳಿಯನ್ನು ಮೊದಲು ಇಟ್ಟರು. ಸೀರೆಯನ್ನು ಇಡಲಿಲ್ಲ. "ಒಂದು ಮಳೆಗಾಲ ಕಳೀಲಿ. ಆಮೇಲೆ ನೋಡಾಣ."

ಹಳೆಯ ದಿವಾನದ ತುಂಡುಗಳು ಹಿತ್ತಲಲ್ಲಿ ರಾಶಿ ಬಿದ್ದಿದ್ದವು. ಸೊಸೆ ಅದನ್ನು ಬಚ್ಚಲ ಒಲೆಗೆ ಹಾಕಲು ಹೊರಟರೆ ಆಚಾರ್ರು ಬೇಡ ಎಂದರು. ಒಳಗಿರುವ ಅಂಟಿನ ಹೊಗೆ ಕುಡಿಯುವುದು ಒಳ್ಳೆಯದಲ್ಲವಂತೆ. ಮರವಾಗಿದ್ದರೆ ನಾಲ್ಕು ದಿನ ನೀರಾದರೂ ಕಾಯುತ್ತಿತ್ತು.

ಮಗ ಮಾತಾಡಲಿಲ್ಲ. ಆಟೋ ತೆಗೆದುಕೊಂಡು ಹೊರಟರು. ಆ ರಾಶಿಯ ಮೇಲೆ ಇನ್ನೂ ನಾಲ್ಕು ಕಂತು ಬಾಕಿ ಇತ್ತು.